ಮೊದಲು ಚಕ್ರ, ಆಮೇಲೆ ರಾಕೆಟ್

ಚಿಂತಾಮಣಿಯಲ್ಲಿ ನನ್ನದೊಂದು ಶೆಡ್ ಇದೆ. ಟ್ರ್ಯಾಕ್ಟರ್ ಟ್ರೈಲರ್‌ಗಳನ್ನು ಬೆಸುಗೆ ಹಾಕಿ ಕಟ್ಟಿಕೊಡುವುದು ನನ್ನ ಇಪ್ಪತ್ತೆರಡು ವರ್ಷಗಳ ಕಸುಬು. ಹೊಸ ಗಿರಾಕಿ ಬಂದರೆ ಮೊದಲು ಕೇಳುವುದು ಎಷ್ಟು ಟನ್ ಹೊರಬೇಕು ಎಂದಲ್ಲ, ಯಾವ ದಾರಿಯಲ್ಲಿ ಓಡಬೇಕು ಎಂದು. ಟೊಮೆಟೊ ಕ್ರೇಟ್ ತುಂಬಿಕೊಂಡು ಡಾಂಬರು ರಸ್ತೆಯಲ್ಲೇ ಮಾರುಕಟ್ಟೆಗೆ ಹೋಗಿ ಬರುವ ಟ್ರೈಲರ್ ಬೇರೆ, ಕೈವಾರದ ಕಡೆ ಕೆರೆ ಏರಿ ಇಳಿದು ಹೊಲದ ಬದು ದಾಟುವ ಟ್ರೈಲರ್ ಬೇರೆ. ನೆಲ ಗೊತ್ತಾದರೆ ಚಕ್ರ ಗೊತ್ತಾಗುತ್ತದೆ, ಚಕ್ರ ಗೊತ್ತಾದರೆ ಆಕ್ಸಲ್, ಅದರ ಮೇಲೆ ಚಾಸಿ. ತೊಟ್ಟಿ ಕಟ್ಟುವುದು ಎಲ್ಲಕ್ಕಿಂತ ಕೊನೆಗೆ.

ರಾತ್ರಿ ಷಟರ್ ಎಳೆದ ಮೇಲೆ ನಾನು ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಡುತ್ತೇನೆ. ರಾಕೆಟ್ ಕಟ್ಟಿ ಬೇರೆ ಲೋಕಗಳಿಗೆ ಹಾರಿಸುವ ಕಂಪ್ಯೂಟರ್ ಆಟ ಅದು. ಅಕ್ಕನ ಮಗಳು ಕಾಲೇಜಿಗೆ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ನನಗೆ ಕೊಟ್ಟು, ಅದರಲ್ಲಿದ್ದ ಈ ಆಟವನ್ನೂ ಕಲಿಸಿದಳು. ರಾಕೆಟ್ ಹಾರಿಸುವುದನ್ನು ಹೊಸಬರೆಲ್ಲ ಬೇಗ ಕಲಿಯುತ್ತಾರೆ. ಇಳಿಯುವ ನೌಕೆ, ಎಂದರೆ ಲ್ಯಾಂಡರ್, ಮಗುಚುತ್ತದೆ, ಅಲ್ಲಿನ ನೆಲದ ಮೇಲೆ ಓಡುವ ಬಂಡಿ, ಎಂದರೆ ರೋವರ್, ಪಲ್ಟಿ ಹೊಡೆಯುತ್ತದೆ, ಅಲ್ಲಿಗೆ ಆಟ ಬಿಡುತ್ತಾರೆ. ಅವರು ಮಾಡುವ ತಪ್ಪು ಒಂದೇ: ದೊಡ್ಡ ರಾಕೆಟ್ ಮೊದಲು ಕಟ್ಟಿ, ಅದರ ತುದಿಯಲ್ಲಿ ಉಳಿದ ಜಾಗಕ್ಕೆ ಹೊಂದುವಂತೆ ಲ್ಯಾಂಡರ್ ಮಾಡಿ, ಲ್ಯಾಂಡರ್‌ನಲ್ಲಿ ಉಳಿದ ಸಂದಿಗೆ ರೋವರ್ ತುರುಕುತ್ತಾರೆ. ಟ್ರೈಲರ್ ಕಟ್ಟುವ ಕ್ರಮವೇ ಇಲ್ಲಿಯೂ ಸರಿ. ಕೊನೆಗೆ ನೆಲ ಮುಟ್ಟುವ ಭಾಗವನ್ನು ಮೊದಲು ಕಟ್ಟಬೇಕು.

ಯಾವ ನೆಲ?

ಆಟದ ಮನೆಗ್ರಹ ಕರ್ಬಿನ್. ಅದಕ್ಕೆ ಎರಡು ಚಂದ್ರರು. ಹತ್ತಿರದ ಮನ್ 12,000 ಕಿ.ಮೀ. ದೂರದಲ್ಲಿದೆ, ಗುರುತ್ವ ಕರ್ಬಿನ್ನಿನ ಸುಮಾರು ಆರನೇ ಒಂದು ಭಾಗ, ಎಂದರೆ 1.63 ಮೀ/ಸೆ². ನೆಲವೆಲ್ಲ ಕುಳಿ ಮತ್ತು ಇಳಿಜಾರು. ಮಿನ್ಮಸ್ 47,000 ಕಿ.ಮೀ. ದೂರ. ಗುರುತ್ವ ಇಪ್ಪತ್ತರಲ್ಲಿ ಒಂದು ಭಾಗ ಮಾತ್ರ, ಆದರೆ ತಟ್ಟೆಯಂತೆ ಸಮತಟ್ಟಾದ ವಿಶಾಲ ಬಯಲುಗಳಿವೆ.

ಇಂಧನದ ಲೆಕ್ಕದಲ್ಲಿ ದೂರದ ಸಂತೆಯೇ ಅಗ್ಗ. ನೌಕೆ ತನ್ನ ವೇಗವನ್ನು ಸೆಕೆಂಡಿಗೆ ಎಷ್ಟು ಮೀಟರ್ ಬದಲಿಸಬೇಕು ಎಂಬುದರಲ್ಲೇ ಈ ಲೆಕ್ಕ ಹಾಕುವುದು. ಕರ್ಬಿನ್ನಿನ ಕೆಳಕಕ್ಷೆಯಿಂದ ಮನ್ ಕಡೆಗೆ ಹೊರಡಲು ಸುಮಾರು 860 ಮೀ/ಸೆ, ಅಲ್ಲಿ ಕಕ್ಷೆ ಸೇರಲು 310, ಇಳಿಯಲು 580; ಒಟ್ಟು 1750. ಮಿನ್ಮಸ್‌ಗೆ 930, 160, 180. ಒಟ್ಟು 1270 ಮಾತ್ರ. ಆದ್ದರಿಂದ ಇಳಿಯುವುದನ್ನು ಮಿನ್ಮಸ್ ಬಯಲಿನಲ್ಲಿ ಕಲಿಯಿರಿ. ರೋವರ್ ಓಡಿಸಲು ಮಾತ್ರ ಮನ್ ವಾಸಿ. ಮಿನ್ಮಸ್‌ನಲ್ಲಿ ಚಕ್ರಗಳಿಗೆ ನೆಲ ಒತ್ತಿ ಹಿಡಿಯುವಷ್ಟು ತೂಕವೇ ಇರುವುದಿಲ್ಲ. ಬ್ರೇಕ್ ಹಿಡಿದರೂ ಬಂಡಿ ಜಾರುತ್ತಲೇ ಇರುತ್ತದೆ. ಮುಂದೆ ನಾನು ಹೇಳುವುದೆಲ್ಲ ಮನ್‌ಗೆ ಕಟ್ಟುವ ಬಂಡಿಯ ಕುರಿತು.

ಚಕ್ರ, ಅಗಲ, ಎತ್ತರ

ಆಟದಲ್ಲಿ ಕಟ್ಟುವ ಶೆಡ್‌ಗಳು ಎರಡು. ರಾಕೆಟ್ ಕಟ್ಟುವ ಎತ್ತರದ ಕಟ್ಟಡವನ್ನು ಬಿಟ್ಟು, ವಿಮಾನ ಕಟ್ಟುವ ಶೆಡ್‌ಗೆ ಹೋಗಿ. ಅಲ್ಲಿ ಎಡಕ್ಕೆ ಒಂದು ಭಾಗ ಜೋಡಿಸಿದರೆ ಕನ್ನಡಿಯಲ್ಲಿ ಕಂಡಂತೆ ಬಲಕ್ಕೂ ತಾನಾಗಿ ಕೂರುತ್ತದೆ. ನಾಲ್ಕು ಚಕ್ರದ ಬಂಡಿಗೆ ಬೇಕಾದ್ದು ಇದೇ.

ಮೈಗೆ ರೋವ್‌ಮೇಟ್ ಎಂಬ ಚಪ್ಪಟೆ ಪೆಟ್ಟಿಗೆ ತೆಗೆದುಕೊಳ್ಳಿ. ಅದರೊಳಗೇ ನಿಯಂತ್ರಣದ ಮಿದುಳಿದೆ. ಚಕ್ರಕ್ಕೆ ರೋವ್‌ಮ್ಯಾಕ್ಸ್ ಎಂ1, ನಾಲ್ಕು. ಒಂದೊಂದು 75 ಕೆ.ಜಿ. ಚಕ್ರಗಳನ್ನು ನೇರವಾಗಿ ಪೆಟ್ಟಿಗೆಗೆ ಅಂಟಿಸಬೇಡಿ. ನಾಲ್ಕು ಮೂಲೆಗಳಿಂದ ಸಣ್ಣ ತೊಲೆ ಹೊರಚಾಚಿ, ಅದರ ತುದಿಗೆ ಚಕ್ರ ಕೂರಿಸಿ.

ಯಾಕೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಸುಗ್ಗಿಯ ದಿನಗಳಲ್ಲಿ ರಾಗಿ ಹುಲ್ಲನ್ನು ಟ್ರೈಲರ್ ಮೇಲೆ ಮೆದೆಯಂತೆ ಒಟ್ಟಿಕೊಂಡು ಬರುತ್ತಾರೆ. ನೇರ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಕೆರೆ ಏರಿಯ ತಿರುವಿನಲ್ಲಿ ಒಂದು ಚಕ್ರ ಹಳ್ಳಕ್ಕೆ ಇಳಿಯಿತೋ, ಹುಲ್ಲು, ಟ್ರೈಲರ್ ಎರಡೂ ಏರಿಯ ಕೆಳಗೆ. ಮಗುಚುವುದನ್ನು ತೀರ್ಮಾನಿಸುವುದು ಒಟ್ಟು ತೂಕವಲ್ಲ. ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಎಡಬಲದ ಚಕ್ರಗಳ ನಡುವೆ ಎಷ್ಟು ಅಗಲವಿದೆ, ಇವೆರಡೇ. ಅಗಲವು ಎತ್ತರದ ಎರಡು ಪಟ್ಟಿದ್ದರೆ 45 ಡಿಗ್ರಿ ಓರೆಯವರೆಗೆ ಬಂಡಿ ನಿಲ್ಲುತ್ತದೆ. ಮೂರು ಪಟ್ಟಿದ್ದರೆ 56 ಡಿಗ್ರಿಯವರೆಗೆ. ನಾನು ಮೂರು ಪಟ್ಟಿಗಿಂತ ಕಡಿಮೆ ಇಡುವುದಿಲ್ಲ. ಶೆಡ್‌ನ ಪರದೆಯ ಕೆಳಮೂಲೆಯಲ್ಲಿರುವ ಗುಂಡಿ ಒತ್ತಿದರೆ ಭಾರಕೇಂದ್ರವು ಹಳದಿ ಚೆಂಡಾಗಿ ಕಾಣುತ್ತದೆ. ನಿಜವಾದ ಟ್ರೈಲರ್‌ಗೂ ಇಂಥ ಒಂದು ಗುಂಡಿ ಇದ್ದಿದ್ದರೆ ಎಷ್ಟೋ ಮನೆಗಳ ಹುಲ್ಲು ಉಳಿಯುತ್ತಿತ್ತು.

ನಿಂತ ಬಂಡಿ ಎಷ್ಟು ಓರೆಗೆ ಉರುಳುತ್ತದೆ ಎಂಬುದಕ್ಕೂ ಗುರುತ್ವಕ್ಕೂ ಸಂಬಂಧವಿಲ್ಲ. ಚಂದ್ರನಲ್ಲೂ ಅದೇ 45, ಅದೇ 56. ಓಡುವ ಬಂಡಿಯ ಕಥೆ ಹಾಗಲ್ಲ. ತಿರುವಿನಲ್ಲಿ ಬಂಡಿಯನ್ನು ಹೊರಕ್ಕೆ ದೂಡುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ನೆಲಕ್ಕೆ ಒತ್ತಿ ಹಿಡಿಯುವ ಬಲ ಮಾತ್ರ ಆರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಆರರ ವರ್ಗಮೂಲ ಹತ್ತಿರಹತ್ತಿರ ಎರಡೂವರೆ. ಇಲ್ಲಿ ಗಂಟೆಗೆ 25 ಕಿ.ಮೀ. ವೇಗದವರೆಗೆ ತಡೆಯುವ ಬಂಡಿ ಅದೇ ತಿರುವಿನಲ್ಲಿ ಅಲ್ಲಿ 10 ಕಿ.ಮೀ.ಗೇ ಎದ್ದುಬಿಡುತ್ತದೆ. ಈ ಲೆಕ್ಕ ಹಾಕದೆ ನನ್ನ ಮೊದಲ ರೋವರನ್ನು ಸೆಕೆಂಡಿಗೆ 18 ಮೀಟರ್ ವೇಗದಲ್ಲಿ ಕುಳಿಯ ಅಂಚಿಗೆ ಓಡಿಸಿದ್ದೆ. ಅದು ಮೂರು ಸುತ್ತು ಉರುಳಿತು, ಸೌರಫಲಕಗಳೆಲ್ಲ ಪುಡಿಯಾದವು. ಎಂ1 ಚಕ್ರ 34 ಮೀಟರ್ ವೇಗದವರೆಗೂ ಓಡಬಲ್ಲದು ಎಂದು ವಿವರದಲ್ಲಿ ಬರೆದಿರುತ್ತದೆ. ಅದನ್ನು ನಂಬಿ ಓಡಿಸಬೇಡಿ. ಮನ್‌ನಲ್ಲಿ 8ರಿಂದ 10 ಮೀಟರ್ ಸಾಕು, ಇಳಿಜಾರಿನಲ್ಲಿ 4. ಇಸ್ರೋದ 26 ಕೆ.ಜಿ. ತೂಕದ ಪ್ರಜ್ಞಾನ್ ಸೆಕೆಂಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ನಡೆದ ಬಂಡಿ. 2023ರ ಆಗಸ್ಟ್ 27ರಂದು ನಾಲ್ಕು ಮೀಟರ್ ಅಗಲದ ಕುಳಿಯೊಂದು ಮೂರು ಮೀಟರ್ ಮುಂದೆ ಕಂಡಾಗ ಅದನ್ನು ನಿಲ್ಲಿಸಿ ಬೇರೆ ದಾರಿಗೆ ತಿರುಗಿಸಿದ್ದು ಆ ನಿಧಾನದಿಂದಲೇ ಸಾಧ್ಯವಾಯಿತು.

ಚಕ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿದರೆ ಹೊಂದಾಣಿಕೆಗಳ ಪಟ್ಟಿ ತೆರೆಯುತ್ತದೆ. ಮುಂದಿನ ಚಕ್ರಗಳ ಬ್ರೇಕನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಹಿಂದಿನದನ್ನು ಹಾಗೇ ಬಿಡಿ. ಇಲ್ಲವಾದರೆ ಬ್ರೇಕ್ ಒತ್ತಿದ ಕೂಡಲೇ ಬಾಲ ಎದ್ದು ಬಂಡಿ ಮೂತಿಯ ಮೇಲೆ ನಿಲ್ಲುತ್ತದೆ. ತಿರುಗುವ ಕೆಲಸ ಮುಂದಿನ ಎರಡಕ್ಕೆ ಮಾತ್ರ ಕೊಡಿ. ನಾಲ್ಕೂ ತಿರುಗಿದರೆ ತಿರುವು ತೀರಾ ಚೂಪಾಗುತ್ತದೆ.

ಇನ್ನೊಂದು ತೊಡಕನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಡಬ್ಲ್ಯು, ಎ, ಎಸ್, ಡಿ ಕೀಲಿಗಳು ಚಕ್ರಗಳನ್ನೂ ಓಡಿಸುತ್ತವೆ, ನೌಕೆಯನ್ನು ಗಾಳಿಯಿಲ್ಲದಲ್ಲಿ ತಿರುಗಿಸುವ ರಿಯಾಕ್ಷನ್ ವೀಲನ್ನೂ ತಿರುಗಿಸುತ್ತವೆ. ಮುಂದೆ ಹೋಗಲು ಡಬ್ಲ್ಯು ಒತ್ತಿದರೆ ಬಂಡಿ ಓಡುತ್ತಲೇ ಮೂತಿಯನ್ನು ನೆಲಕ್ಕೆ ಬಗ್ಗಿಸುತ್ತದೆ. ಚಕ್ರಗಳ ಕೀಲಿಗಳನ್ನು ಆಟದ ಸೆಟ್ಟಿಂಗ್ಸ್‌ನಲ್ಲಿ ಬೇರೆ ಮಾಡಿಕೊಳ್ಳಿ. ನಾನು ಅಂಕಿಗಳ ಗುಂಪಿನ 8, 4, 5, 6 ಇಟ್ಟುಕೊಂಡಿದ್ದೇನೆ. ಹಾಗೆಂದು ರಿಯಾಕ್ಷನ್ ವೀಲನ್ನು ತೆಗೆದುಹಾಕಬೇಡಿ. ಬಂಡಿ ಬೆನ್ನಮೇಲಾದಾಗ ಅದನ್ನು ಮತ್ತೆ ಕಾಲ ಮೇಲೆ ನಿಲ್ಲಿಸುವುದು ಅದೊಂದೇ, ದಿಬ್ಬ ಹಾರಿದಾಗ ಬಂಡಿಯನ್ನು ಮಟ್ಟವಾಗಿ ಹಿಡಿಯುವುದೂ ಅದೇ.

ಸೌರಫಲಕ, ಬ್ಯಾಟರಿ, ಆಂಟೆನಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಡಿಸುವ ಫಲಕಗಳು ಮುರಿಯುತ್ತವೆ, ಮೈಗಂಟಿದ ಚಪ್ಪಟೆ ಫಲಕ ಆರು ಹಾಕಿ, ಎರಡು ಮೇಲೆ, ಉಳಿದವು ನಾಲ್ಕು ಬದಿಗೆ. ಆಂಟೆನಾ ಸಣ್ಣದಾದರೂ ಮನ್‌ನಿಂದ ಮಾತು ತಲುಪುತ್ತದೆ, ಆದರೆ ಕರ್ಬಿನ್ ಕಾಣದ ಹಿಂಬದಿಗೆ ಹೋದರೆ ಕಕ್ಷೆಯಲ್ಲೊಂದು ಸಂಪರ್ಕ ಉಪಗ್ರಹ ಬೇಕೇ ಬೇಕು.

ಇಷ್ಟಾದ ಮೇಲೆ ಬಂಡಿ ಸುಮಾರು 500 ಕೆ.ಜಿ. ತೂಗುತ್ತದೆ. ರಾಕೆಟ್ ಇನ್ನೂ ಬೇಡ. ರನ್‌ವೇ ಮೇಲೆ ಬಂಡಿ ಬಿಟ್ಟು, ಆಲ್ಟ್ ಮತ್ತು ಎಫ್12 ಒಟ್ಟಿಗೆ ಒತ್ತಿ. ತೆರೆಯುವ ಪಟ್ಟಿಯಲ್ಲಿ ಗುರುತ್ವ ಬದಲಿಸುವ ಆಯ್ಕೆ ಇದೆ. ಅದನ್ನು 0.17ಕ್ಕೆ ಇಳಿಸಿ ಅರ್ಧ ಗಂಟೆ ಓಡಿಸಿ. ಎಲ್ಲಿ ಎದ್ದೇಳುತ್ತದೆ, ಎಲ್ಲಿ ಜಾರುತ್ತದೆ ಎಂದು ಕೈಗೆ ತಿಳಿಯುತ್ತದೆ. ತೊಲೆ ಚಿಕ್ಕದಾಯಿತು ಎಂದು ಮನ್ ತಲುಪಿದ ಮೇಲೆ ಗೊತ್ತಾದರೆ ಅಲ್ಲಿ ಬೆಸುಗೆ ಹಾಕುವವರು ಯಾರೂ ಇಲ್ಲ.

ಬಂಡಿಯನ್ನು ಹೊತ್ತು ಇಳಿಸುವ ಯಂತ್ರ

"ಮಾಮ, ವಿಕ್ರಮ್ ತರಹ ಲ್ಯಾಂಡರ್ ಹೊಟ್ಟೆಯೊಳಗೆ ರೋವರ್ ಇಟ್ಟು, ಹಲಗೆ ಇಳಿಬಿಟ್ಟು ಉರುಳಿಸೋಣ" ಎಂದಳು ಅಕ್ಕನ ಮಗಳು. ನನಗೂ ಆಸೆಯಿತ್ತು. 2023ರ ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ವಿಕ್ರಮ್ ಇಳಿದಾಗ ಶೆಡ್‌ನ ಹುಡುಗರೆಲ್ಲ ಬೆಸುಗೆ ನಿಲ್ಲಿಸಿ ಒಂದೇ ಮೊಬೈಲ್ ಸುತ್ತ ನಿಂತಿದ್ದೆವು. ಆದರೆ ತೆರೆದುಕೊಳ್ಳುವ ಹಲಗೆಗೆ ಕೀಲು ಬೇಕು, ಕೀಲುಗಳು 2019ರಲ್ಲಿ ಬಂದ ಬ್ರೇಕಿಂಗ್ ಗ್ರೌಂಡ್ ಎಂಬ ಹೆಚ್ಚುವರಿ ಭಾಗದಲ್ಲಿ ಮಾತ್ರ ಇವೆ. ಅದಿಲ್ಲದವರಿಗೆ ಸುಲಭದ ದಾರಿ ಕ್ರೇನ್. 2012ರ ಆಗಸ್ಟ್‌ನಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರನ್ನು ಮಂಗಳದ ನೆಲಕ್ಕೆ ಇಳಿಸಿದ ಉಪಾಯವೇ ಇದರ ಮೂಲ: ಎಂಜಿನ್ ಮೇಲೆ, ರೋವರ್ ಕೆಳಗೆ. ಅಲ್ಲಿ ಹಗ್ಗದಿಂದ ಇಳಿಬಿಟ್ಟರು. ನಾವು ಹಗ್ಗವಿಲ್ಲದೆ ಚಕ್ರಗಳನ್ನೇ ನೇರವಾಗಿ ನೆಲಕ್ಕೆ ಊರುತ್ತೇವೆ. ಬೇರೆ ಕಾಲುಗಳ ಖರ್ಚೇ ಇಲ್ಲ.

ರೋವರ್‌ನ ಬೆನ್ನಿನ ಮೇಲೆ ಒಂದು ಡಿಕಪ್ಲರ್ (ಬೇಕಾದಾಗ ಎರಡು ಭಾಗಗಳನ್ನು ಬೇರ್ಪಡಿಸುವ ಕೊಂಡಿ), ಅದರ ಮೇಲೆ ಸಣ್ಣ ರಿಯಾಕ್ಷನ್ ವೀಲ್, ಎಫ್‌ಎಲ್-ಟಿ100 ಟ್ಯಾಂಕ್, ತುದಿಯಲ್ಲಿ ಒಕ್ಟೊ2 ನಿಯಂತ್ರಣ ಪೆಟ್ಟಿಗೆ. ಟ್ಯಾಂಕ್‌ನ ಎರಡು ಬದಿಗೆ ತೊಲೆ ಚಾಚಿ ಎರಡು ಟ್ವಿಚ್ ಎಂಜಿನ್. ಎಂಜಿನ್‌ಗಳು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಖಾಲಿ ಜಾಗಕ್ಕೆ ನೇರವಾಗಿ ಮೇಲಿರಲಿ. ಬೆಂಕಿ ಬಂಡಿಗೆ ತಗುಲಿದರೆ ಬಂಡಿ ಬಿಸಿಯಾಗುವುದಲ್ಲದೆ ಎಂಜಿನ್ನಿನ ನೂಕುಬಲವೂ ಕಡಿಮೆಯಾಗುತ್ತದೆ.

ಈಗ ಮತ್ತೆ ಹಳದಿ ಚೆಂಡು ನೋಡಿ. ನೂಕುಬಲದ ನೇರಳೆ ಚೆಂಡನ್ನೂ ಹಚ್ಚಿ. ಎರಡೂ ಒಂದರ ಮೇಲೊಂದು, ತೂಗುಗುಂಡು ಇಳಿಬಿಟ್ಟಂತೆ ಒಂದೇ ಗೆರೆಯಲ್ಲಿ ಇರಬೇಕು. ಟ್ರೈಲರ್‌ನಲ್ಲಿ ಭಾರ ಹಿಂದಕ್ಕೆ ಸರಿದರೆ ಮೂತಿ ಎದ್ದು ಟ್ರ್ಯಾಕ್ಟರ್‌ನ ಹುಕ್ಕನ್ನೇ ಮೇಲೆತ್ತುತ್ತದೆ. ಇಲ್ಲಿ ಗೆರೆ ಒಂದು ಗೇಣು ತಪ್ಪಿದರೂ ಎಂಜಿನ್ ಹಚ್ಚಿದ ಕೂಡಲೇ ನೌಕೆ ಒಂದು ಕಡೆಗೆ ತಿರುಗಲಾರಂಭಿಸುತ್ತದೆ. ಗೆರೆ ತಪ್ಪಿದ್ದರೆ ಎಂಜಿನ್ ಸರಿಸಬೇಡಿ, ರೋವರ್‌ನ ಬ್ಯಾಟರಿಯನ್ನೋ ಉಪಕರಣವನ್ನೋ ಹಿಂದೆ ಮುಂದೆ ಸರಿಸಿ ಸರಿದೂಗಿಸಿ.

ಲೆಕ್ಕ ಹೀಗೆ. ರೋವರ್ 500 ಕೆ.ಜಿ., ಇಂಧನವಿಲ್ಲದ ಕ್ರೇನ್ 350 ಕೆ.ಜಿ., ಇಂಧನ 500 ಕೆ.ಜಿ. ತುಂಬಿದಾಗ 1350, ಖಾಲಿಯಾದಾಗ 850. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸುಮಾರು 1.59, ಅದರ ಸ್ವಾಭಾವಿಕ ಲಾಗರಿತಮ್ 0.46. ಟ್ವಿಚ್‌ನ ದಕ್ಷತೆಯ ಅಂಕಿ 290, ಅದನ್ನು 9.81ರಿಂದ ಗುಣಿಸಿ, ಮತ್ತೆ 0.46ರಿಂದ ಗುಣಿಸಿ. ಸುಮಾರು 1300 ಮೀ/ಸೆ ಸಿಗುತ್ತದೆ. ಇಳಿಯಲು ಬೇಕಾದ್ದು 580. ಹೊಸಬರು ನೆಲದ ಹತ್ತಿರ ತಡವರಿಸುತ್ತ ಇಂಧನ ಸುಡುತ್ತಾರೆ, ಹಾಗಾಗಿ ಎರಡರಷ್ಟು ಕೈಯಲ್ಲಿರುವುದು ಒಳ್ಳೆಯದು.

ನೂಕುಬಲ ಮಾತ್ರ ವಿಪರೀತ ಹೆಚ್ಚು. ಎರಡು ಎಂಜಿನ್ ಸೇರಿ 32 ಕಿಲೋನ್ಯೂಟನ್, ಮನ್‌ನಲ್ಲಿ ನಮ್ಮ ನೌಕೆಯ ತೂಕ ಬರೀ 2.2. ಥ್ರಾಟಲ್ ಸ್ವಲ್ಪ ತಾಗಿದರೆ ಮೇಲಕ್ಕೆ ಚಿಮ್ಮುತ್ತದೆ. ಎಂಜಿನ್ ಮೇಲೆ ಬಲಗುಂಡಿ ಒತ್ತಿ, ನೂಕುಬಲದ ಮಿತಿಯನ್ನು ನೂರಕ್ಕೆ 20ಕ್ಕೆ ಇಳಿಸಿ. ಆಗ ತೂಕದ ಮೂರು ಪಟ್ಟು ಬಲ ಉಳಿಯುತ್ತದೆ, ಕೈಗೆ ಹಿಡಿತ ಸಿಗುತ್ತದೆ. ಚಂದ್ರಯಾನ-2ರ ವಿಕ್ರಮ್‌ಗೆ 800 ನ್ಯೂಟನ್ನಿನ ಐದು ಎಂಜಿನ್‌ಗಳಿದ್ದವು. ಚಂದ್ರಯಾನ-3ಕ್ಕೆ ನಾಲ್ಕೇ ಇಟ್ಟು, ಬದಲಿಗೆ ಹೆಚ್ಚು ಇಂಧನ ಮತ್ತು ಸೆಕೆಂಡಿಗೆ ಮೂರು ಮೀಟರ್ ವೇಗದ ಬಡಿತ ತಾಳುವ ಗಟ್ಟಿ ಕಾಲುಗಳನ್ನು ಕೊಟ್ಟರು. ಆ ತೀರ್ಮಾನವನ್ನು ನಾನು ಕಸುಬುದಾರನ ಕಣ್ಣಿನಿಂದ ಮೆಚ್ಚುತ್ತೇನೆ. ಮುರಿದ ಟ್ರೈಲರ್ ಮತ್ತೆ ಶೆಡ್‌ಗೆ ಬಂದಾಗ ಕಬ್ಬಿಣ ಎಲ್ಲಿ ಹೆಚ್ಚಿಸಬೇಕು, ಎಲ್ಲಿ ತೆಗೆಯಬೇಕು ಎಂದು ನೋಡುವುದೂ ಹೀಗೆಯೇ.

ಕ್ರೇನ್ ಸಮೇತ ರೋವರನ್ನು ಲಾಂಚ್‌ಪ್ಯಾಡ್ ಮೇಲಿಟ್ಟು, ಗುರುತ್ವವನ್ನು ಮತ್ತೆ 0.17 ಮಾಡಿ, ನೂರು ಮೀಟರ್ ಏರಿಸಿ ಇಳಿಸಿ ನೋಡಿ. ಹತ್ತು ಸಲವಾದರೂ ಮಾಡಿ. ಆಮೇಲೆ ಇಡೀ ಜೋಡಣೆಯನ್ನು ಉಪಜೋಡಣೆಯಾಗಿ ಉಳಿಸಿ, ರಾಕೆಟ್ ಕಟ್ಟಡಕ್ಕೆ ಒಯ್ದು, ಸುತ್ತ ಕವಚ ಹಾಕಿ, ಅಡಿಗೆ ರಾಕೆಟ್ ಕಟ್ಟಿ. ಒಂದೂಕಾಲು ಟನ್ ಚಿಲ್ಲರೆ ಹೊರೆಯನ್ನು ಕಕ್ಷೆಗೆ ಏರಿಸಲು 3400 ಮೀ/ಸೆ ಬೇಕು. ಮನ್ ಕಕ್ಷೆ ಸೇರುವವರೆಗಿನ ಇಂಧನ ಮೇಲಿನ ಹಂತದಲ್ಲಿರಲಿ, ಕ್ರೇನ್‌ನದನ್ನು ಮುಟ್ಟಬೇಡಿ.

ಇಳಿಯುವಾಗ

15 ಕಿ.ಮೀ. ಎತ್ತರದ ದುಂಡು ಕಕ್ಷೆಯಿಂದ ಆರಂಭಿಸಿ. ಅಲ್ಲಿ ವೇಗ ಸೆಕೆಂಡಿಗೆ ಸುಮಾರು 550 ಮೀಟರ್. ಬೆಳಗಿನ ಓರೆ ಬಿಸಿಲು ಬೀಳುವ ಜಾಗ ಆರಿಸಿ. ನೆರಳು ಉದ್ದವಿದ್ದರೆ ಹಳ್ಳದಿಣ್ಣೆ ಚೆನ್ನಾಗಿ ಕಾಣುತ್ತವೆ, ನಿಮ್ಮ ನೌಕೆಯ ನೆರಳೇ ನೆಲ ಎಷ್ಟು ಹತ್ತಿರವಿದೆ ಎಂದು ಹೇಳುತ್ತದೆ. ಪರದೆಯ ಮೇಲ್ಭಾಗದ ಎತ್ತರದ ಅಂಕಿಯನ್ನು ಹಾಗೇ ನಂಬಬಾರದು. ಅದು ಮನ್‌ನ ಸೊನ್ನೆ ಮಟ್ಟದಿಂದ ಅಳೆದದ್ದು. ನಿಮ್ಮ ಕೆಳಗಿನ ನೆಲ ಅದಕ್ಕಿಂತ ಮೂರು ಸಾವಿರ ಮೀಟರ್ ಮೇಲಿರಬಹುದು. 2019ರ ನಂತರದ ಆವೃತ್ತಿಗಳಲ್ಲಿ ಅದನ್ನು ನೆಲದಿಂದ ಅಳೆಯುವ ರೀತಿಗೆ ಬದಲಿಸಬಹುದು, ಬದಲಿಸಿಕೊಳ್ಳಿ.

ನಿಯಂತ್ರಣ ಕ್ರೇನ್‌ನ ಒಕ್ಟೊ2ದಿಂದ ಇರಲಿ, ರೋವ್‌ಮೇಟ್‌ನಿಂದ ಬೇಡ. ರೋವರ್‌ನ ಮೂತಿ ಅಡ್ಡಕ್ಕಿರುವುದರಿಂದ ಅದರಿಂದ ನಡೆಸಿದರೆ ಆಟ ಅದನ್ನೇ ಮೇಲ್ದಿಕ್ಕು ಎಂದು ತಿಳಿದು ನೌಕೆಯನ್ನು ಮಲಗಿಸುತ್ತದೆ. ವೇಗದ ಅಂಕಿಯನ್ನು ಕ್ಲಿಕ್ ಮಾಡಿ ನೆಲದ ಲೆಕ್ಕಕ್ಕೆ ಬದಲಿಸಿ, ನೌಕೆಯನ್ನು ಹೇಳಿದ ದಿಕ್ಕಿಗೆ ತಾನಾಗಿ ಹಿಡಿದಿಡುವ ಎಸ್‌ಎಎಸ್ ಅನ್ನು ರೆಟ್ರೋಗ್ರೇಡ್‌ಗೆ, ಎಂದರೆ ಚಲನೆಯ ಎದುರು ದಿಕ್ಕಿಗೆ, ಇಡಿ. ಎಂಜಿನ್ ಆಗ ಸದಾ ವೇಗಕ್ಕೆ ಎದುರಾಗಿ ಉರಿಯುತ್ತದೆ, ಅಡ್ಡವೇಗ ತಾನಾಗಿ ಸಾಯುತ್ತದೆ.

ಕೊನೆಯ ಒಂದು ಕಿಲೋಮೀಟರ್‌ಗೆ ನಾನು ಬಳಸುವ ಸೂತ್ರ ಒಂದೇ: ಎತ್ತರವನ್ನು ಇಪ್ಪತ್ತರಿಂದ ಭಾಗಿಸಿ, ಅಷ್ಟೇ ವೇಗವಿರಲಿ. ಸಾವಿರ ಮೀಟರ್‌ನಲ್ಲಿ 50, ಐನೂರರಲ್ಲಿ 25, ನೂರರಲ್ಲಿ 5, ನಲವತ್ತರಲ್ಲಿ 2, ಅಲ್ಲಿಂದ ನೆಲದವರೆಗೂ 2. ತೂಕದ ಮೂರು ಪಟ್ಟು ನೂಕುಬಲವಿದ್ದರೆ ಈ ವೇಗಗಳಿಗೆ ಇಳಿಸಿಕೊಳ್ಳಲು ಎಂಜಿನ್ ಸಾಕಾಗುತ್ತದೆ. ನೂರೈವತ್ತು ಮೀಟರ್‌ನಲ್ಲಿ ಒಂದು ಕ್ಷಣ ತಡೆದು ಕೆಳಗೆ ನೋಡಿ. ವಿಕ್ರಮ್ ಕೂಡ ಆ ಎತ್ತರದಲ್ಲಿ ನಿಂತು ಸಮ ನೆಲ ಹುಡುಕಿಕೊಂಡಿತು. ಇಳಿಜಾರು ಕಂಡರೆ ನೌಕೆಯನ್ನು ಐದು ಡಿಗ್ರಿ ವಾಲಿಸಿ ಪಕ್ಕಕ್ಕೆ ಸರಿಯಿರಿ, ಮತ್ತೆ ನೆಟ್ಟಗಾಗಿಸಿ.

ಕೊನೆಯ ಮೂವತ್ತು ಮೀಟರ್‌ನಲ್ಲಿ ರೆಟ್ರೋಗ್ರೇಡ್ ಹಿಡಿತ ಬಿಟ್ಟು ಬರೀ ಸ್ಥಿರ ಹಿಡಿತಕ್ಕೆ ಬನ್ನಿ. ಇದನ್ನು ಮರೆತರೆ, ಥ್ರಾಟಲ್ ಸ್ವಲ್ಪ ಹೆಚ್ಚಾಗಿ ನೌಕೆ ಒಂದಡಿ ಮೇಲೆದ್ದಾಗ ವೇಗದ ದಿಕ್ಕು ತಿರುಗುಮುರುಗಾಗುತ್ತದೆ; ಅದಕ್ಕೆ ಎದುರಾಗಿ ನಿಲ್ಲಲು ಎಸ್‌ಎಎಸ್ ನೌಕೆಯನ್ನು ತಲೆಕೆಳಗು ಮಾಡುತ್ತದೆ. ಗೆದ್ದೆ ಎಂದುಕೊಂಡ ಇಳಿಕೆಗಳಲ್ಲಿ ನಾನು ಕಳೆದುಕೊಂಡ ಬಂಡಿಗಳು ಹೆಚ್ಚಿನವು ಇದರಿಂದಲೇ ಹೋದವು. ನಮ್ಮ ಕಡೆ ಸಂಜೆ ಕರೆಂಟ್ ಯಾವಾಗ ಹೋಗುತ್ತದೋ ತಿಳಿಯದು, ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಹತ್ತು ನಿಮಿಷಕ್ಕಿಂತ ನಿಲ್ಲದು. ಇಳಿಕೆ ಆರಂಭಿಸುವ ಮೊದಲು ಎಫ್5 ಒತ್ತಿ ಉಳಿಸಿಕೊಳ್ಳುವುದನ್ನು ಬಿಡಬೇಡಿ.

ಬ್ರೇಕ್ ಹಾಕಿಕೊಂಡೇ ನೆಲ ಮುಟ್ಟಿ. ಎಂಜಿನ್ ಪೂರ್ತಿ ಆರಿಸಿ, ಹತ್ತು ಸೆಕೆಂಡ್ ಬಿಡಿ, ಸ್ಪ್ರಿಂಗ್‌ಗಳು ಕೂರಲಿ. ಡಿಕಪ್ಲರ್‌ನ ಚಿಮ್ಮುವ ಬಲವನ್ನು ಶೆಡ್‌ನಲ್ಲೇ ಸೊನ್ನೆಯ ಹತ್ತಿರಕ್ಕೆ ಇಳಿಸಿದ್ದರೆ ಡಿಕಪ್ಲರ್ ಬಿಡಿಸಿದ ಮೇಲೂ ಕ್ರೇನ್ ರೋವರ್‌ನ ಬೆನ್ನಿನ ಮೇಲೆಯೇ ಕೂತಿರುತ್ತದೆ. ಚೌಕ ಆವರಣದ ಕೀಲಿ ಒತ್ತಿ ನಿಯಂತ್ರಣವನ್ನು ಕ್ರೇನ್‌ಗೆ ಬದಲಿಸಿ, ನೆಟ್ಟಗೆ ಇಪ್ಪತ್ತು ಮೀಟರ್ ಏರಿಸಿ, ಆಮೇಲೆ ವಾಲಿಸಿ ದೂರ ಕಳಿಸಿ. ನೆಟ್ಟಗೆ ಏರುವ ಮೊದಲೇ ವಾಲಿಸಿದರೆ ಅದರ ತೊಲೆ ಸೌರಫಲಕಕ್ಕೆ ತಾಗುತ್ತದೆ. ಮತ್ತೆ ರೋವರ್‌ಗೆ ಬಂದು, ಅದರ ಪೆಟ್ಟಿಗೆಯಿಂದ ನಿಯಂತ್ರಣ ತೆಗೆದುಕೊಂಡು, ಬ್ರೇಕ್ ಬಿಡಿ.

ಮನ್‌ನ ಒಂದು ಹಗಲುರಾತ್ರಿ 38 ಗಂಟೆ 36 ನಿಮಿಷ. ಸುಮಾರು ಹತ್ತೊಂಬತ್ತು ಗಂಟೆ ಬಿಸಿಲಿರುವುದಿಲ್ಲ. ಪ್ರಜ್ಞಾನ್ 2023ರ ಸೆಪ್ಟೆಂಬರ್ 2ರಂದು ಮಲಗಿತು, ಚಂದ್ರನ ಹದಿನಾಲ್ಕು ದಿನಗಳ ಚಳಿರಾತ್ರಿಯ ನಂತರ ಏಳಲಿಲ್ಲ. ಆಟದಲ್ಲಿ ಚಳಿಯ ಕಾಟವಿಲ್ಲ. ಬ್ಯಾಟರಿ ಬರಿದಾದರೂ ಬಿಸಿಲು ಬಿದ್ದ ಕೂಡಲೇ ಬಂಡಿ ಎಚ್ಚರವಾಗುತ್ತದೆ. ರಾತ್ರಿ ನಿಲ್ಲಿಸುವಾಗ ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ, ಬ್ರೇಕ್ ಹಾಕಿ, ದೀಪ ಆರಿಸಿ. ನನ್ನ ಬಂಡಿ ಈಗ ಒಂದು ಕುಳಿಯ ತಳದಲ್ಲಿ ಹಾಗೆ ನಿಂತಿದೆ. ಪೂರ್ವದ ಅಂಚು ಅಲ್ಲಿಂದ 12 ಕಿ.ಮೀ., ಏರು ಹದಿನೈದು ಡಿಗ್ರಿ. ಇವತ್ತು ರಾತ್ರಿ ಷಟರ್ ಎಳೆದ ಮೇಲೆ ಸೆಕೆಂಡಿಗೆ ನಾಲ್ಕು ಮೀಟರ್ ಲೆಕ್ಕದಲ್ಲಿ ಏರಿಸಬೇಕು.